ಸ್ಟ್ರೋಕ್ ಹೆಚ್ಚಿಸಿದ ಬೋಟ್ ಎಂಜಿನ್ ಸುತ್ತು ಏರದಿದ್ದರೆ: ದೋಷ ಹುಡುಕುವ ಕ್ರಮ

ಅಮೆರಿಕದ ಸರೋವರಗಳಲ್ಲಿ ಓಡುವ ವೇಗದ ಬೋಟುಗಳಲ್ಲಿ ಷೆವರ್ಲೆಯ 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ-8 ಎಂಜಿನ್ ಬಹಳ ಸಾಮಾನ್ಯ. ಅದು ಸವೆದು ರಿಪೇರಿಗೆ ಬಂದಾಗ ಹಲವರು ರಿಂಗು, ಬೇರಿಂಗು ಬದಲಿಸಿ ಸುಮ್ಮನಾಗುವುದಿಲ್ಲ. ಬೋರನ್ನು, ಅಂದರೆ ಸಿಲಿಂಡರಿನ ಒಳವ್ಯಾಸವನ್ನು, 4.00 ಇಂಚಿನಿಂದ 4.03ಕ್ಕೆ ಹಿಗ್ಗಿಸುತ್ತಾರೆ. ಸ್ಟ್ರೋಕ್ ಎಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ; 3.48 ಇಂಚು ಸ್ಟ್ರೋಕಿನ ಕ್ರ್ಯಾಂಕ್‌ಶಾಫ್ಟ್ ತೆಗೆದು 3.75 ಇಂಚಿನದನ್ನು ಕೂರಿಸುತ್ತಾರೆ. ಎಂಜಿನ್ 383 ಘನ ಇಂಚಿನದಾಗುತ್ತದೆ, 6.27 ಲೀಟರ್. ನೀರಿಗಿಳಿಸಿದ ಮೇಲೆ ಎರಡು ಬಗೆಯ ದೂರು ಬರುತ್ತದೆ. ಎಳೆತ ಹೆಚ್ಚಿದೆ, ಆದರೆ ಗರಿಷ್ಠ ವೇಗ ಮೊದಲಿನಷ್ಟೇ ಇದೆ ಎನ್ನುವುದು ಒಂದು. ಮೊದಲು ನಿಮಿಷಕ್ಕೆ 4800 ಸುತ್ತು ಮುಟ್ಟುತ್ತಿತ್ತು, ಈಗ 4400 ದಾಟುತ್ತಿಲ್ಲ ಎನ್ನುವುದು ಇನ್ನೊಂದು. ಎರಡಕ್ಕೂ ಸಿಗುವ ವಿವರಣೆ ಒಂದೇ: ಸ್ಟ್ರೋಕ್ ಉದ್ದವಾಯಿತು, ಅದಕ್ಕೇ ಸುತ್ತು ಏರುತ್ತಿಲ್ಲ, ಬೋರನ್ನೇ ಹೆಚ್ಚಿಸಬೇಕಿತ್ತು.

ಈ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಮೊದಲನೆಯದು ದೋಷವೇ ಅಲ್ಲ. ಎರಡನೆಯದು ದೋಷ ನಿಜ, ಆದರೆ ಅದರ ಬೇರು ಸ್ಟ್ರೋಕಿನಲ್ಲಿಲ್ಲ. ಸ್ಟ್ರೋಕಿನ ಜೊತೆಗೆ ಬದಲಾದ, ಅಥವಾ ಬದಲಾಗಬೇಕಿದ್ದು ಹಾಗೆಯೇ ಉಳಿದ ಇನ್ಯಾವುದೋ ಭಾಗದಲ್ಲಿದೆ. ಆ ಭಾಗವನ್ನು ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚದೆಯೇ ಬಹುಮಟ್ಟಿಗೆ ಗುರುತಿಸಬಹುದು.

ಮೊದಲು ಪ್ರೊಪೆಲ್ಲರ್

ಬೋಟಿನವರ ಬಳಿ ಶಕ್ತಿ ಅಳೆಯುವ ಸಾಧನವೊಂದು ಸದಾ ಇರುತ್ತದೆ, ಅದು ಪ್ರೊಪೆಲ್ಲರ್. ಅದೇ ಬೋಟು, ಅದೇ ತೂಕ, ಅದೇ ಪ್ರೊಪೆಲ್ಲರ್ ಇದ್ದರೆ, ಅದನ್ನು ತಿರುಗಿಸಲು ಬೇಕಾಗುವ ಶಕ್ತಿ ಸರಿಸುಮಾರು ಸುತ್ತಿನ ಘನಕ್ಕೆ ತಕ್ಕಂತೆ ಏರುತ್ತದೆ. 4400ನ್ನು 4800ರಿಂದ ಭಾಗಿಸಿ ಘನ ಮಾಡಿದರೆ 0.77 ಬರುತ್ತದೆ. ಅಂದರೆ ಹಳೆಯ ಪ್ರೊಪೆಲ್ಲರಿನಲ್ಲೇ ಹೊಸ ಎಂಜಿನ್ 4400ಕ್ಕೆ ನಿಂತರೆ, ಅದು ಹಳೆಯ ಎಂಜಿನ್ ಕೊಡುತ್ತಿದ್ದ ಗರಿಷ್ಠ ಶಕ್ತಿಯ ಸುಮಾರು ಮುಕ್ಕಾಲು ಪಾಲನ್ನಷ್ಟೇ ಕೊಡುತ್ತಿದೆ. ಗಾತ್ರ ಶೇ 9ರಷ್ಟು ಹೆಚ್ಚಾದ ಎಂಜಿನ್ ಕಾಲು ಭಾಗ ಶಕ್ತಿ ಕಳೆದುಕೊಳ್ಳಲು ಉದ್ದದ ಸ್ಟ್ರೋಕ್ ಒಂದೇ ಕಾರಣವಾಗಲಾರದು.

ಹಾಗಾಗಿ ಪರೀಕ್ಷೆಗೆ ಹಳೆಯ ಪ್ರೊಪೆಲ್ಲರನ್ನೇ ಹಾಕಿ. 383 ಮಾಡಿಸಿದವರು ಹೆಚ್ಚಿನ ಟಾರ್ಕ್ (ತಿರುಗಿಸುವ ಬಲ) ನಂಬಿಕೊಂಡು ಪಿಚ್ಚನ್ನು (ಪ್ರೊಪೆಲ್ಲರ್ ಸುತ್ತೊಂದಕ್ಕೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಎರಡು ಇಂಚು ಏರಿಸಿರುವುದು ಬಹಳ ಸಲ ಕಾಣುತ್ತದೆ. ಒಂದು ಇಂಚು ಪಿಚ್ ಹೆಚ್ಚಿದರೆ 150ರಿಂದ 200 ಸುತ್ತು ಇಳಿಯುತ್ತದೆ. 21ರ ಬದಲು 23 ಹಾಕಿದ್ದರೆ 4800 ಇದ್ದದ್ದು 4400ರ ಸುಮಾರಿಗೆ ಬಂದುಬಿಡುತ್ತದೆ, ಎಂಜಿನ್ನಿನಲ್ಲಿ ಹುಡುಕಲು ಏನೂ ಉಳಿಯುವುದಿಲ್ಲ.

ಸುತ್ತಿನ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಬೋಟಿನ ಮೀಟರಿನ ಹಿಂಬದಿಯಲ್ಲಿ ಸಿಲಿಂಡರ್ ಸಂಖ್ಯೆ ಆರಿಸುವ ಸ್ವಿಚ್ಚು ಇರುತ್ತದೆ. ಅದು ಜಾಗ ತಪ್ಪಿದ್ದರೆ ಓದು ಪೂರ್ತಿ ಬೇರೆಯೇ ಆಗಿರುತ್ತದೆ. ಸ್ವಿಚ್ಚು ಸರಿಯಿದ್ದರೂ ನೂರಿನ್ನೂರು ಸುತ್ತಿನ ವ್ಯತ್ಯಾಸ ಅಪರೂಪವಲ್ಲ. ಇದನ್ನು ಜಿಪಿಎಸ್ ವೇಗದೊಂದಿಗೆ ಹೋಲಿಸಿ ನೋಡಬಹುದು. ಡ್ರೈವಿನ ಗೇರ್ ಅನುಪಾತ 1.5, ಪಿಚ್ 21 ಇಂಚು, ಎಂಜಿನ್ 4800 ಎಂದುಕೊಳ್ಳೋಣ. ಪ್ರೊಪೆಲ್ಲರ್ 3200 ಸುತ್ತು ತಿರುಗುತ್ತದೆ, ಸುತ್ತೊಂದಕ್ಕೆ 53.3 ಸೆಂಟಿಮೀಟರಿನಂತೆ ಗಂಟೆಗೆ 102 ಕಿಲೋಮೀಟರ್ ಆಗಬೇಕು. ಜಿಪಿಎಸ್ 90 ತೋರಿಸಿದರೆ ಜಾರಿಕೆ ಶೇ 12, ಆರೋಗ್ಯಕರ. ಜಾರಿಕೆ ಶೇ 20 ದಾಟಿದರೆ ಪ್ರೊಪೆಲ್ಲರಿನ ರಬ್ಬರ್ ಹಬ್ ಜಾರುತ್ತಿರಬಹುದು, ಅಥವಾ ಅದು ಗಾಳಿ ಎಳೆದುಕೊಳ್ಳುತ್ತಿರಬಹುದು. ಲೆಕ್ಕಕ್ಕಿಂತ ಬೋಟೇ ವೇಗವಾಗಿ ಓಡಿದಂತೆ ಕಂಡರೆ ಮೀಟರು ಕಡಿಮೆ ತೋರಿಸುತ್ತಿದೆ, ಇಲ್ಲವೇ ಗೇರ್ ಅನುಪಾತವನ್ನು ತಪ್ಪಾಗಿ ತಿಳಿದಿದ್ದೀರಿ.

ಇನ್ನು ಎರಡು ಸಣ್ಣ ಕೆಲಸಗಳು. ಎಂಜಿನ್ ನಿಂತಿರುವಾಗ ಒಬ್ಬರು ಲಿವರನ್ನು ಪೂರ್ತಿ ಮುಂದೆ ದೂಡಲಿ, ಇನ್ನೊಬ್ಬರು ಕಾರ್ಬ್ಯುರೇಟರಿನ ಚಿಟ್ಟೆ ವಾಲ್ವುಗಳು ನೆಟ್ಟಗೆ ನಿಲ್ಲುತ್ತವೆಯೇ ನೋಡಲಿ. ಎಂಜಿನ್ ಕೆಳಗಿಳಿಸಿ ಮತ್ತೆ ಕೂರಿಸಿದಾಗ ಕೇಬಲ್ ಗಿಡ್ಡವಾಗಿ ಜೋಡಣೆಯಾಗಿರುವುದು ಉಂಟು. ಬಳಿಕ ಪೆಟ್ರೋಲ್ ಪಂಪಿನ ಒಳಬಾಯಿಗೆ ವ್ಯಾಕ್ಯೂಮ್ ಗೇಜ್ ಹಾಕಿ ಪೂರ್ತಿ ವೇಗದಲ್ಲಿ ಓಡಿಸಿ. ಪಾದರಸದ ಎರಡು ಇಂಚಿಗಿಂತ ಹೆಚ್ಚು ಎಳೆತ ಕಂಡರೆ ಟ್ಯಾಂಕಿನ ಬಾಯಲ್ಲಿ ಪೆಟ್ರೋಲ್ ತಾನಾಗಿ ಹರಿಯದಂತೆ ತಡೆಯುವ ಆಂಟಿ ಸೈಫನ್ ವಾಲ್ವ್ ಅಥವಾ ಫಿಲ್ಟರ್ ಕಟ್ಟಿಕೊಂಡಿದೆ. 350 ಅಶ್ವಶಕ್ತಿ ತೆಗೆಯುವ ಎಂಜಿನ್ ಗಂಟೆಗೆ 105ರಿಂದ 110 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಹಳೆಯ ಎಂಜಿನ್ನಿಗೆ ಸಾಕಾಗುತ್ತಿದ್ದ ಕೊಳವೆ ಇದಕ್ಕೆ ಸಾಲದೇ ಹೋಗಬಹುದು. ಇಂಥ ಯಾವ ಪರೀಕ್ಷೆಗೂ ಮುನ್ನ ಎಂಜಿನ್ ಕೋಣೆಯ ಬ್ಲೋವರನ್ನು ಕನಿಷ್ಠ ನಾಲ್ಕು ನಿಮಿಷ ಓಡಿಸಲೇಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂರುತ್ತದೆ. ಕಾರಿನ ಅಂಗಡಿಯ ಸ್ಟಾರ್ಟರು, ಆಲ್ಟರ್ನೇಟರುಗಳನ್ನು ಬೋಟಿಗೆ ಹಾಕಬಾರದೆನ್ನುವುದೂ ಇದೇ ಕಾರಣಕ್ಕೆ: ಅವುಗಳ ಕಿಡಿ ಹೊರಗೆ ಬರದಂತೆ ಮುಚ್ಚಿರುವುದಿಲ್ಲ.

ಉಸಿರಿನ ಲೆಕ್ಕ

ಈಗ ಮೊದಲ ದೂರಿಗೆ ಬರುತ್ತೇನೆ. ಎಳೆತ ಬಂತು, ವೇಗ ಬರಲಿಲ್ಲ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. 5.73 ಲೀಟರಿನ ಎಂಜಿನ್ 5000 ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 14,300 ಲೀಟರ್ ಗಾಳಿ ಕೇಳುತ್ತದೆ. 6.27 ಲೀಟರಿನದು ಅಷ್ಟೇ ಗಾಳಿಯನ್ನು ಸುಮಾರು 4570 ಸುತ್ತಿನಲ್ಲೇ ಕೇಳುತ್ತದೆ. ಹೆಡ್, ವಾಲ್ವ್, ಗಾಳಿ ಹಂಚುವ ಮ್ಯಾನಿಫೋಲ್ಡ್, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಎಲ್ಲ ಹಳೆಯವೇ ಆಗಿದ್ದರೆ, 350ಕ್ಕೆ 5000ದಲ್ಲಿ ಕಟ್ಟುತ್ತಿದ್ದ ಉಸಿರು 383ಕ್ಕೆ 4570ರಲ್ಲೇ ಕಟ್ಟುತ್ತದೆ. ಗರಿಷ್ಠ ಶಕ್ತಿ ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದು, ಅದು ಸಿಗುವ ಸುತ್ತು ಕೆಳಗೆ ಬರುತ್ತದೆ. ನಡುವಿನ ಸುತ್ತುಗಳ ಟಾರ್ಕ್ ಮಾತ್ರ ಗಾತ್ರದಷ್ಟೇ ಏರುತ್ತದೆ. ಸ್ಕೀಯರನ್ನು ಎಳೆಯಲು, ತುಂಬಿದ ಬೋಟನ್ನು ನೀರಿನ ಮೇಲೆ ಎಬ್ಬಿಸಲು ಅದು ಅದ್ಭುತ. ಗರಿಷ್ಠ ವೇಗಕ್ಕೆ ಅದರಿಂದ ಏನೂ ಸಿಗದು. ಹಣ ಕೊಟ್ಟವರಿಗೆ ಇದನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಹೇಳಬೇಕಿತ್ತು.

ಬೋರಿನ ಪರವಾಗಿ ಇರುವ ನಿಜವಾದ ವಾದ ಇಲ್ಲಿದೆ. ಬೋರ್ ಅಗಲವಾದರೆ ದೊಡ್ಡ ವಾಲ್ವ್ ಕೂರಿಸಬಹುದು, ಇದ್ದ ವಾಲ್ವ್ ಕೂಡ ಸಿಲಿಂಡರ್ ಗೋಡೆಯಿಂದ ದೂರ ಸರಿದು ಗಾಳಿಗೆ ದಾರಿ ಸಲೀಸಾಗುತ್ತದೆ. ಸ್ಟ್ರೋಕ್ ಗಾತ್ರವನ್ನು ಹೆಚ್ಚಿಸುತ್ತದೆಯೇ ಹೊರತು ಗಾಳಿಯ ದಾರಿಯನ್ನು ಅಗಲಿಸುವುದಿಲ್ಲ. ಆದರೆ 0.030 ಇಂಚು ಹಿಗ್ಗಿಸಿದ ಬೋರ್ ಈ ವಿಷಯದಲ್ಲಿ ಗಮನಕ್ಕೆ ಬರುವಂಥ ಲಾಭ ಕೊಡದು. ಬೋರಿನ ನಿಜವಾದ ಲಾಭ ಬೇಕಾದರೆ ಬ್ಲಾಕೇ ಬೇರೆ ಬೇಕು. ಇದೇ ಕಂಪನಿಯ ದೊಡ್ಡ ಬ್ಲಾಕಿನ ಎಂಜಿನ್ನುಗಳನ್ನು ನೋಡಿ. 454 ಘನ ಇಂಚಿನದಕ್ಕೆ ಬೋರ್ 4.25, ಸ್ಟ್ರೋಕ್ 4.00. ಅದರಿಂದ 502ಕ್ಕೆ ಹೋದದ್ದು ಬೋರಿನ ದಾರಿಯಲ್ಲಿ: ಸ್ಟ್ರೋಕ್ ಅಷ್ಟೇ, ಬೋರ್ 4.466. ಮುಂದೆ ಬಂದ 496, ಅಂದರೆ 8.1 ಲೀಟರಿನದು, ಸ್ಟ್ರೋಕಿನ ದಾರಿ ಹಿಡಿಯಿತು: ಬೋರ್ 4.25, ಸ್ಟ್ರೋಕ್ 4.37. ಎರಡೂ ಬೋಟುಗಳಲ್ಲಿ ಚೆನ್ನಾಗಿಯೇ ದುಡಿದಿವೆ. ಸಣ್ಣ ಬ್ಲಾಕಿನಲ್ಲೂ ಮರ್ಕ್ರೂಸರ್ ಕಂಪನಿ ತಾನೇ 4.00 ಬೋರಿಗೆ 3.75 ಸ್ಟ್ರೋಕ್ ಸೇರಿಸಿ 377 ಘನ ಇಂಚಿನ, 6.2 ಲೀಟರಿನ ಎಂಜಿನ್ ಮಾರಿತು. ಬೋಟಿಗೆ ಸ್ಟ್ರೋಕ್ ಒಗ್ಗದು ಎನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. 5000ದ ಕೆಳಗೇ ದುಡಿಯುವ ಸ್ಟರ್ನ್ ಡ್ರೈವ್ (ಎಂಜಿನ್ ಒಳಗೆ, ಪ್ರೊಪೆಲ್ಲರಿನ ಡ್ರೈವ್ ಹಿಂಬದಿಯ ಹೊರಗೆ ಇರುವ) ಬೋಟಿಗೆ ನಾನಂತೂ ಮೊದಲು ಸ್ಟ್ರೋಕನ್ನೇ ಆರಿಸುತ್ತೇನೆ, ಉಳಿದ ಹಣವನ್ನು ಹೆಡ್ಡಿಗೆ ಹಾಕಿಸುತ್ತೇನೆ.

ನಾಕಿಂಗ್: ಅತಿ ದುಬಾರಿ ದೋಷ

ಹಳೆಯ ಪ್ರೊಪೆಲ್ಲರಿನಲ್ಲೂ 4400 ದಾಟದಿದ್ದರೆ ನಾನು ಮೊದಲು ಅನುಮಾನಿಸುವುದು ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಒತ್ತುವ ಪ್ರಮಾಣ) ಮತ್ತು ಟೈಮಿಂಗನ್ನು (ಪ್ಲಗ್ ಕಿಡಿ ಹಾರಿಸುವ ಗಳಿಗೆ). ಇವು ಮಿತಿ ಮೀರಿದರೆ ಮಿಶ್ರಣ ಹತೋಟಿ ತಪ್ಪಿ ಸಿಡಿಯುತ್ತದೆ, ಅದೇ ನಾಕಿಂಗ್. ಕಾರು ಹೆದ್ದಾರಿಯಲ್ಲಿ ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ಬೋಟು ಮಾತ್ರ ಸರಕು ಹೇರಿಕೊಂಡು ಘಾಟಿ ಏರುತ್ತಲೇ ಇರುವ ಲಾರಿಯಂತೆ. ಥ್ರಾಟಲ್ ಬಿಟ್ಟ ಕೂಡಲೇ ನೀರು ಅದನ್ನು ಹಿಡಿದು ನಿಲ್ಲಿಸುತ್ತದೆ. ಹೀಗಾಗಿ ಕಾರಿನಲ್ಲಿ ಕ್ಷಣಕಾಲ ಕೇಳಿ ಮಾಯವಾಗುವ ನಾಕಿಂಗ್ ಬೋಟಿನಲ್ಲಿ ನಿಮಿಷಗಟ್ಟಲೆ ನಡೆಯುತ್ತದೆ. ಎಕ್ಸಾಸ್ಟಿನ ಗದ್ದಲದಲ್ಲಿ ಕಿವಿಗೆ ಬೀಳುವುದೂ ಇಲ್ಲ.

ಸ್ಟ್ರೋಕ್ ಕಂಪ್ರೆಷನ್ನನ್ನು ಹೇಗೆ ಏರಿಸುತ್ತದೆ ಎಂದು ಲೆಕ್ಕ ಹಾಕಿ ನೋಡಿ. 350ರ ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಗುಡಿಸುವ ಗಾತ್ರ 717 ಸಿಸಿ. ಕಂಪ್ರೆಷನ್ ಅನುಪಾತ 9 ಇದ್ದರೆ, ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ 89.6 ಸಿಸಿ. ಆ ಜಾಗವನ್ನು ಹಾಗೆಯೇ ಬಿಟ್ಟು ಬೋರನ್ನಷ್ಟೇ 4.03 ಮಾಡಿದರೆ ಅನುಪಾತ 9.1 ಆಗುತ್ತದೆ. ಸ್ಟ್ರೋಕನ್ನೂ 3.75 ಮಾಡಿದರೆ ಗುಡಿಸುವ ಗಾತ್ರ 784 ಸಿಸಿಗೆ ಏರಿ ಅನುಪಾತ 9.75ಕ್ಕೆ ಹೋಗುತ್ತದೆ. ಇದರ ಮೇಲೆ, ಹೇಗೂ ಬಿಚ್ಚಿದ್ದೇವೆ ಎಂದು 76 ಸಿಸಿ ಕೋಣೆಯ ಹಳೆಯ ಹೆಡ್ ತೆಗೆದು 64 ಸಿಸಿಯ ವೋರ್ಟೆಕ್ (ಷೆವರ್ಲೆಯದೇ ನಂತರದ ಬಗೆ) ಹೆಡ್ ಹಾಕಿದ್ದರೆ ಉಳಿದ ಜಾಗ 77.6 ಸಿಸಿ, ಅನುಪಾತ 11.1. ಎರಕದ ಕಬ್ಬಿಣದ ಹೆಡ್ಡು, ಬಂಕಿನ ಪೆಟ್ರೋಲು, ಎಡೆಬಿಡದ ಭಾರ: ಮೂರೂ ಸೇರಿದಾಗ ಇದು ಪಿಸ್ಟನ್ ಒಡೆಯುವ ಸಂಖ್ಯೆ. 9.3ರ ಸುಮಾರಿಗೆ ಇಳಿಸಬೇಕಾದರೆ 94 ಸಿಸಿ ಜಾಗ ಬೇಕು, ಅಂದರೆ ಪಿಸ್ಟನ್ ತಲೆಯಲ್ಲಿ ಸುಮಾರು 17 ಸಿಸಿ ಹೆಚ್ಚಿನ ಹೊಂಡ ಬೇಕು. ರಿಪೇರಿಯ ಬಿಲ್ಲಿನಲ್ಲಿ ಪಿಸ್ಟನ್ನಿನ ಪಾರ್ಟ್ ನಂಬರ್ ಇರುತ್ತದೆ. ಅದು ಚಪ್ಪಟೆ ತಲೆಯದೋ ಹೊಂಡದ್ದೋ ಎಂದು ಮೊದಲು ನೋಡಿಕೊಳ್ಳಿ.

ಪ್ಲಗ್ಗುಗಳನ್ನು ಓದುವುದು ಹೀಗೆ: ಪೂರ್ತಿ ವೇಗದಲ್ಲಿ ಓಡಿಸಿ, ಅಲ್ಲೇ ಎಂಜಿನ್ ನಿಲ್ಲಿಸಿ, ಎಂಟನ್ನೂ ಕ್ರಮವಾಗಿ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕಿ, ನಡುನಡುವೆ ಬೆಳ್ಳಿಯ ಬಣ್ಣದ ಕಣಗಳು ಕಂಡರೆ ನಾಕಿಂಗ್ ಆಗುತ್ತಿದೆ, ಆ ಬೆಳ್ಳಿ ಪಿಸ್ಟನ್ನಿನ ಅಲ್ಯುಮಿನಿಯಂ. ಆ ಬೋಟನ್ನು ಮತ್ತೆ ಪೂರ್ತಿ ವೇಗಕ್ಕೆ ತೆಗೆದುಕೊಂಡು ಹೋಗಬೇಡಿ.

ಟೈಮಿಂಗಿನಲ್ಲಿ 383ಕ್ಕೇ ವಿಶೇಷವಾದ ಬಲೆಯೊಂದಿದೆ. ಈ ಕುಟುಂಬದ ಎಂಜಿನ್ನುಗಳಲ್ಲಿ ಬ್ಯಾಲೆನ್ಸರಿನ (ಕ್ರ್ಯಾಂಕಿನ ಮುಂತುದಿಯ ಚಕ್ರ) ಮೇಲಿನ ಟೈಮಿಂಗ್ ಗೆರೆಯ ಜಾಗ ತಯಾರಾದ ವರ್ಷಕ್ಕೆ ತಕ್ಕಂತೆ ಬೇರೆಯಾಗಿದೆ, ಮುಂಭಾಗದ ಗುರುತಿನ ಪಟ್ಟಿಯೂ ಬೇರೆ. ಸ್ಟ್ರೋಕ್ ಬದಲಿಸಿದವರು ಬ್ಯಾಲೆನ್ಸರನ್ನೂ ಬದಲಿಸಿರುತ್ತಾರೆ. ಒಂದು ಕಾಲದ ಗೆರೆಗೆ ಇನ್ನೊಂದು ಕಾಲದ ಪಟ್ಟಿ ಸೇರಿದರೆ ಎಂಟು ಡಿಗ್ರಿಯಷ್ಟು ತಪ್ಪು ಸಹಜವಾಗಿ ಬರುತ್ತದೆ. ಟೈಮಿಂಗ್ ಲೈಟು 30 ಡಿಗ್ರಿ ಎಂದು ತೋರಿಸುತ್ತದೆ, ನಿಜದಲ್ಲಿ ಅದು 38 ಅಥವಾ 22. 22 ಆಗಿದ್ದರೆ ಶಕ್ತಿ ಬಿದ್ದು ಎಂಜಿನ್ 4400ಕ್ಕೆ ನಿಲ್ಲುತ್ತದೆ, 38 ಆಗಿದ್ದರೆ ನಾಕಿಂಗ್. ಒಂದನೇ ಸಿಲಿಂಡರಿನ ಪ್ಲಗ್ ರಂಧ್ರಕ್ಕೆ ಪಿಸ್ಟನ್ ಸ್ಟಾಪ್ ತಿರುಗಿಸಿ, ಎಲ್ಲ ಪ್ಲಗ್ ತೆಗೆದು, ಕ್ರ್ಯಾಂಕನ್ನು ಕೈಯಿಂದಲೇ ಎರಡೂ ದಿಕ್ಕಿಗೆ ತಡೆಯುವವರೆಗೆ ತಿರುಗಿಸಿ, ತಡೆದ ಎರಡೂ ಕಡೆ ಬ್ಯಾಲೆನ್ಸರಿನ ಮೇಲೆ ಗುರುತು ಹಾಕಿ. ಎರಡು ಗುರುತುಗಳ ನಟ್ಟನಡುವೆ ಇರುವುದೇ ನಿಜವಾದ ಟಾಪ್ ಡೆಡ್ ಸೆಂಟರ್, ಅಂದರೆ ಪಿಸ್ಟನ್ ತೀರಾ ಮೇಲಿರುವ ಜಾಗ. ಗೆರೆ ಅಲ್ಲಿ ಸೊನ್ನೆಗೆ ಕೂರದಿದ್ದರೆ ಹೊಸ ಗೆರೆ ಎಳೆಯಿರಿ. ಒಟ್ಟು ಅಡ್ವಾನ್ಸನ್ನು (ಆ ಜಾಗಕ್ಕಿಂತ ಎಷ್ಟು ಮೊದಲು ಕಿಡಿ ಹಾರುತ್ತದೆ ಎನ್ನುವುದನ್ನು) 28ರಿಂದ 32 ಡಿಗ್ರಿಯೊಳಗೆ ಇಟ್ಟುಕೊಳ್ಳಿ. ಪಿಸ್ಟನ್ ಸ್ಟಾಪ್ ಇರುವಾಗ ಸ್ಟಾರ್ಟರ್ ಮೋಟರಿನಿಂದ ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ನಿಗೆ ರಂಧ್ರ ಬೀಳಬಹುದು.

ಟೈಮಿಂಗ್ ಸರಿಯಿದ್ದೂ ಶಕ್ತಿ ಇಲ್ಲದಿದ್ದರೆ ಲೀಕ್‌ಡೌನ್ ಪರೀಕ್ಷೆ ಮಾಡಿ: ಸಿಲಿಂಡರಿಗೆ ಒತ್ತಡದ ಗಾಳಿ ಬಿಟ್ಟು ಎಷ್ಟು ಸೋರುತ್ತದೆ ಎಂದು ಅಳೆಯುವುದು. ಶೇ 10ರ ಒಳಗಿನ ಸೋರಿಕೆ ಒಳ್ಳೆಯದು. ಯಾವುದಾದರೂ ಸಿಲಿಂಡರ್ ಶೇ 20 ದಾಟಿದರೆ ಗಾಳಿಯ ಸದ್ದು ಎಲ್ಲಿಂದ ಬರುತ್ತಿದೆ ಎಂದು ಆಲಿಸಿ: ಕಾರ್ಬ್ಯುರೇಟರಿನಿಂದಾದರೆ ಇನ್‌ಟೇಕ್ ವಾಲ್ವ್, ಎಕ್ಸಾಸ್ಟಿನಿಂದಾದರೆ ಎಕ್ಸಾಸ್ಟ್ ವಾಲ್ವ್, ಎಣ್ಣೆ ತುಂಬುವ ಬಾಯಿಯಿಂದಾದರೆ ರಿಂಗು.

ಸಿಲಿಂಡರಿನಲ್ಲಿ ನೀರು

ಗಾಳಿಯ ಕೊರತೆ ನೀಗಿಸಲು ಕಾರಿನ ರೇಸಿಂಗ್ ಕ್ಯಾಮ್‌ಶಾಫ್ಟ್ ಹಾಕಿದ್ದರೆ ಬೇರೆಯೇ ತೊಂದರೆ ಶುರುವಾಗುತ್ತದೆ. ಬೋಟಿನಲ್ಲಿ ಎಂಜಿನ್ ತಂಪು ಮಾಡಿದ ನೀರನ್ನು ರೈಸರಿನ (ಎಕ್ಸಾಸ್ಟಿನ ಮೇಲೇರುವ ಕೊಳವೆ) ಬಳಿ ಎಕ್ಸಾಸ್ಟಿಗೇ ಬೆರೆಸಿ ಹೊರಗೆ ಬಿಡುತ್ತಾರೆ. ಎರಡೂ ವಾಲ್ವ್ ಬಹಳ ಹೊತ್ತು ಒಟ್ಟಿಗೆ ತೆರೆದಿರುವ ಕ್ಯಾಮ್ ನಿಧಾನಗತಿಯಲ್ಲಿ ಎಕ್ಸಾಸ್ಟಿನ ಕಡೆಯಿಂದ ಹಿಮ್ಮುಖವಾಗಿ ಎಳೆಯುತ್ತದೆ, ಆ ಎಳೆತದಲ್ಲಿ ನೀರಿನ ಹನಿಗಳು ಸಿಲಿಂಡರ್ ಸೇರುತ್ತವೆ. ಪ್ಲಗ್ಗಿನ ಮೇಲೆ, ಎಕ್ಸಾಸ್ಟ್ ವಾಲ್ವಿನ ಕಡ್ಡಿಯ ಮೇಲೆ ತುಕ್ಕು ಕಂಡರೆ ಇದನ್ನು ನೆನಪಿಸಿಕೊಳ್ಳಿ.

ಆದರೆ ತೂತು ಬಿದ್ದ ರೈಸರೂ ಹೆಡ್ ಗ್ಯಾಸ್ಕೆಟ್ಟೂ ಇದೇ ಲಕ್ಷಣ ತೋರಿಸುತ್ತವೆ. ಯಾವ ಹೊತ್ತಿನಲ್ಲಿ ಒದ್ದೆಯಾಗುತ್ತದೆ ಎನ್ನುವುದೇ ಗುರುತಿಸುವ ದಾರಿ. ಜೆಟ್ಟಿಯ ಬಳಿ ಬಹಳ ಹೊತ್ತು ನಿಧಾನಗತಿಯಲ್ಲಿ ಓಡಿಸಿದ ಮೇಲೆ ಮಾತ್ರ ಸಿಲಿಂಡರ್ ಒದ್ದೆಯಾಗಿದ್ದರೆ ಕ್ಯಾಮ್. ಒಣಗಿದ್ದ ಎಂಜಿನ್ ರಾತ್ರಿಯಿಡೀ ನಿಂತು ಬೆಳಿಗ್ಗೆ ಒದ್ದೆಯಾಗಿದ್ದರೆ ರೈಸರು ಅಥವಾ ಗ್ಯಾಸ್ಕೆಟ್, ಅದನ್ನು ಒತ್ತಡದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಬೋಟಿನ ಕ್ಯಾಮ್‌ಗಳಲ್ಲಿ ಲೋಬ್ ಸೆಪರೇಷನ್ (ಎರಡು ವಾಲ್ವುಗಳನ್ನು ತೆರೆಯುವ ಉಬ್ಬುಗಳ ನಡುವಿನ ಕೋನ; ಕಡಿಮೆಯಾದಷ್ಟೂ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚು) ಸಾಮಾನ್ಯವಾಗಿ 112ರಿಂದ 114 ಡಿಗ್ರಿ ಇರುತ್ತದೆ. ಕ್ಯಾಮಿನ ಕಾರ್ಡಿನಲ್ಲಿ 106, 108 ಎಂದಿದ್ದರೆ ಅದನ್ನು ತೆಗೆಸಿ.

ನಡುಕ, ರಾಡು, ಬೋರಿನ ಗೋಡೆ

ಹೊಸ ಎಂಜಿನ್ ನಡುಗುತ್ತಿದ್ದರೆ ಗೇರಿಗೆ ಹಾಕದೆ 2500 ಸುತ್ತಿಗೆ ಏರಿಸಿ ನೋಡಿ. ಆಗಲೂ ನಡುಕವಿದ್ದರೆ ಎಂಜಿನ್ನಿನದು, ಗೇರಿನಲ್ಲಿ ಮಾತ್ರ ಬಂದರೆ ಪ್ರೊಪೆಲ್ಲರ್, ಡ್ರೈವಿನ ಶಾಫ್ಟನ್ನು ಹಿಡಿದಿಡುವ ಗಿಂಬಲ್ ಬೇರಿಂಗ್ ಅಥವಾ ನೇರ ತಪ್ಪಿದ ಜೋಡಣೆ. 3.75 ಇಂಚಿನ ಸ್ಟ್ರೋಕ್ ಮೂಲತಃ 1970ರಲ್ಲಿ ಬಂದ 400 ಘನ ಇಂಚಿನ ಎಂಜಿನ್ನಿನದು. ಆ ಕ್ರ್ಯಾಂಕಿನ ಸಮತೂಕ ಪೂರ್ತಿ ಒಳಗಿಲ್ಲ, ಮುಂದಿನ ಬ್ಯಾಲೆನ್ಸರಿನಲ್ಲೂ ಹಿಂದಿನ ಫ್ಲೈವೀಲಿನಲ್ಲೂ ತೂಕ ಕೊಟ್ಟಿದ್ದಾರೆ. ಹಿಂಬದಿಯ ಸೀಲ್ ಎರಡು ತುಂಡಿನದಾಗಿದ್ದ ಹಳೆಯ 350ಕ್ಕೆ ಎರಡೂ ಕಡೆ ಹೆಚ್ಚುವರಿ ತೂಕವಿಲ್ಲ. 1986ರಿಂದ ಬಂದ ಒಂದೇ ತುಂಡಿನ ಸೀಲಿನ 350ಕ್ಕೆ ಹಿಂದೆ ಮಾತ್ರ ತೂಕ. ಮಾರುಕಟ್ಟೆಯ 383 ಕ್ರ್ಯಾಂಕುಗಳು ಈ ಮೂರರಲ್ಲಿ ಯಾವ ಬಗೆಯದೂ ಆಗಿರಬಹುದು. ಹಳೆಯ ಫ್ಲೈವೀಲನ್ನೇ ಮತ್ತೆ ಹಾಕಿದ್ದರೆ ಅದು ಹೊಸ ಕ್ರ್ಯಾಂಕಿಗೆ ಹೊಂದುತ್ತದೆಯೇ ಎಂದು ವಿಚಾರಿಸಲೇಬೇಕು.

ಸ್ಟ್ರೋಕಿನ ಮೇಲಿನ ನ್ಯಾಯವಾದ ಆರೋಪ ಒಂದಿದೆ. 5000 ಸುತ್ತಿನಲ್ಲಿ 350ರ ಪಿಸ್ಟನ್ ಸರಾಸರಿ ಸೆಕೆಂಡಿಗೆ 14.7 ಮೀಟರ್ ಓಡಿದರೆ 383ರದ್ದು 15.9. ತುದಿಯಲ್ಲಿ ತಿರುಗುವಾಗ ರಾಡಿನ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕೋಲು) ಮೇಲೆ ಬೀಳುವ ಎಳೆತ, ರಾಡಿನ ಉದ್ದ 5.7 ಇಂಚೇ ಇದ್ದರೆ, ಸುಮಾರು ಶೇ 10 ಹೆಚ್ಚು. ಇದು ತಡೆಯಲಾಗದ ಭಾರವೇನಲ್ಲ, 454 ಎಂಜಿನ್ ಅದೇ ಸುತ್ತಿನಲ್ಲಿ 16.9 ಮೀಟರ್ ಓಡುತ್ತದೆ. ಅಪಾಯ ಇರುವುದು ಅಲೆಯ ಮೇಲೆ ಬೋಟು ಹಾರಿ ಪ್ರೊಪೆಲ್ಲರ್ ನೀರಿನಿಂದ ಹೊರಬಂದಾಗ. ಎಂಜಿನ್ ಒಮ್ಮೆಲೇ 6000ಕ್ಕೆ ನೆಗೆದರೆ ರಾಡಿನ ಬೋಲ್ಟಿನ ಮೇಲಿನ ಎಳೆತ 5000ದಲ್ಲಿದ್ದುದಕ್ಕಿಂತ ಶೇ 44 ಏರುತ್ತದೆ. ಸುತ್ತು ಮಿತಿಗೊಳಿಸುವ ಸಾಧನವಿಲ್ಲದ 383ನ್ನು ಅಲೆಗಳಿಗೆ ಒಯ್ಯಬಾರದು ಎಂದು ನಾನು ಬಲವಾಗಿ ಹೇಳುತ್ತೇನೆ. ತಳದಿಂದ ಲಯಬದ್ಧವಾದ ಟಕಟಕ ಸದ್ದು ಬಂದರೆ ಎಣ್ಣೆಯ ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಬೇರಿಂಗಿನ ಚೂರು ಕಂಡರೆ ಅಲ್ಲಿಗೆ ಓಟ ನಿಲ್ಲಿಸಬೇಕು. ಚೂರಿಲ್ಲದೆ ಸದ್ದು ಮಾತ್ರ ಇದ್ದರೆ, ರಾಡಿನ ಬೋಲ್ಟು ಬ್ಲಾಕಿನ ಅಂಚಿಗೋ ಕ್ಯಾಮ್‌ಶಾಫ್ಟಿಗೋ ತಗಲುತ್ತಿರಬಹುದು. ಉದ್ದದ ಸ್ಟ್ರೋಕಿಗೆ ಆ ಜಾಗಗಳನ್ನು ಉಜ್ಜಿ ತೆರವು ಮಾಡಬೇಕಿತ್ತು.

ಕೊನೆಗೆ, ಇದನ್ನೆಲ್ಲ ನೋಡಿ ಬೋರನ್ನೇ ಇನ್ನಷ್ಟು ಹಿಗ್ಗಿಸುತ್ತೇನೆ ಎನ್ನುವವರಿಗೆ. ಸರೋವರದ ಅಥವಾ ಸಮುದ್ರದ ನೀರನ್ನು ನೇರವಾಗಿ ಬ್ಲಾಕಿನೊಳಗೆ ಹರಿಸುವ ಎಂಜಿನ್ನಿನಲ್ಲಿ ಸಿಲಿಂಡರ್ ಗೋಡೆ ಹೊರಮೈಯಿಂದ ತುಕ್ಕು ಹಿಡಿದು ತೆಳುವಾಗುತ್ತಾ ಹೋಗುತ್ತದೆ. ಉಪ್ಪುನೀರಿನಲ್ಲಂತೂ ಬಹಳ ಬೇಗ. ಒಳಗಿನಿಂದ ಕೊರೆಯುವವರಿಗೆ ಅದು ಕಾಣುವುದೇ ಇಲ್ಲ. ಲೇತಿಗೆ ಕಳಿಸುವ ಮೊದಲು ಅಲ್ಟ್ರಾಸಾನಿಕ್ ಗೇಜಿನಿಂದ ಎಂಟೂ ಸಿಲಿಂಡರುಗಳ ಗೋಡೆಯನ್ನು ಸುತ್ತಲೂ, ಮೇಲೆ, ನಡುವೆ, ಕೆಳಗೆ ಅಳೆಸಿ, ಅಳತೆಯನ್ನು ಬರೆದುಕೊಂಡು ಬನ್ನಿ. ಪಿಸ್ಟನ್ ಒತ್ತುವ ಬದಿಯಲ್ಲಿ ಗೋಡೆ ತೆಳುವಾಗಿದ್ದರೆ ಆ ಬ್ಲಾಕಿಗೆ 0.030 ಕೂಡ ಹೆಚ್ಚು. ಆ ಸಿಲಿಂಡರಿಗೆ ಸ್ಲೀವ್ (ಒಳಗೆ ಕೂರಿಸುವ ಹೊಸ ಲೋಹದ ಕೊಳವೆ) ಹಾಕಿಸಬೇಕು ಅಥವಾ ಬೇರೆ ಬ್ಲಾಕ್ ಹುಡುಕಬೇಕು.